ಜೋಡಿ ನಾಯಿ ತಂದರೆ ಆಯಿತೇ?

‘ಒಂದ್ ಜೋಡಿ ಮುಧೋಳ ನಾಯಿ ತಂದ್ ಕಟ್ರೀ, ವರ್ಷದಾಗ ಸಾಲ ಹರಿತೈತಿ!’ ನಮ್ಮ ಕಡೆ ಬಸ್ಸಿನಲ್ಲಿ, ಚಹದಂಗಡಿಯಲ್ಲಿ ಈ ಮಾತು ಹೊಸದಲ್ಲ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಮುಧೋಳ ನಾಯಿಯ ಹೆಸರೆತ್ತಿದ ಮೇಲಂತೂ ಇನ್ನೂ ಜೋರಾಯಿತು. ಮರಿ ಮಾರುವುದಷ್ಟೇ ಅಲ್ಲ, ಪ್ರದರ್ಶನದಲ್ಲಿ ಕಪ್ ಗೆಲ್ಲುವ ತಳಿಯನ್ನೇ ಬೆಳೆಸುತ್ತೇವೆ ಎನ್ನುವ ಹುಡುಗರೂ ಇದ್ದಾರೆ. ಬೆಳೆಸಲಿ, ಸಂತೋಷ. ಆದರೆ ಲೆಕ್ಕ ಗೊತ್ತಿದೆಯೇ?

ಮೊದಲನೆಯದು, ಹೆಣ್ಣು ನಾಯಿ. ಗಂಡಿಗೆ ಸಾವಿರಾರು ಸುರಿದು, ಹೆಣ್ಣು ಯಾವುದಾದರೂ ನಡೆದೀತು ಅನ್ನುವವರೇ ಬಹಳ. ಅಲ್ಲಿಗೇ ಅರ್ಧ ಕೆಲಸ ಕೆಟ್ಟಂತೆ. ಒಂದೇ ಗೂಡಿನ ಅಣ್ಣ-ತಂಗಿಯನ್ನು ಕೂಡಿಸುವುದು, ಓಟಕ್ಕೆಂದು ಗ್ರೇಹೌಂಡ್ ರಕ್ತ ಬೆರೆಸಿ ‘ಅಸಲಿ ಮುಧೋಳ’ ಎಂದು ಮಾರುವುದು, ಇವೂ ಗುಟ್ಟಲ್ಲ.

ಇನ್ನು ಮರಿ. ಎರಡು ತಿಂಗಳ ಮರಿ ನೋಡಲು ಮುದ್ದು. ಆದರೆ ಪ್ರದರ್ಶನದ ತೀರ್ಪುಗಾರ ಮುದ್ದು ನೋಡುವುದಿಲ್ಲ. ಹಲ್ಲಿನ ಜೋಡಣೆ, ಎದೆಯ ಆಳ, ನಡಿಗೆ ನೋಡುತ್ತಾನೆ. ಗಂಡಾದರೆ ಎರಡೂ ಬೀಜ ಇಳಿದಿವೆಯೇ ಎಂದು ಮುಟ್ಟಿ ನೋಡುತ್ತಾನೆ. ಅಪರಿಚಿತರು ಕೈ ಹಾಕಿದರೆ ಸಹಿಸದ ಜಾತಿ ಇದು. ಸಣ್ಣಂದಿನಿಂದಲೇ ರೂಢಿ ಮಾಡಿಸಬೇಕು. ಯಾವ ಮರಿ ಕಪ್ಪಿಗೆ, ಯಾವುದು ಕಾವಲಿಗೆ ಎಂದು ತಿಳಿಯಲು ವರ್ಷ ಬೇಕು. ಅಲ್ಲಿಯವರೆಗೆ ಒಳ್ಳೆಯ ಎರಡು-ಮೂರು ಮರಿ ಮಾರದೆ ಸಾಕಬೇಕು. ಅಂಗಡಿಯ ಧಣಿಗಳಿಗೆ ಇದು ಬೇಗ ತಿಳಿದೀತು: ಖರ್ಚಾಗದ ಸಾಬೂನು ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತದೆ, ಹಾಲು-ಮೊಟ್ಟೆ ಕೇಳುವುದಿಲ್ಲ! ನಡುವೆ ಪಾರ್ವೊ ರೋಗ ಹೊಕ್ಕರೆ ವಾರದೊಳಗೆ ಗೂಡೇ ಖಾಲಿ.

ಕಾಗದದ ಕಥೆ ಬೇರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಫ್ತರದಲ್ಲಿ ಈ ನಾಯಿ ‘ಕ್ಯಾರವಾನ್ ಹೌಂಡ್’. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ ‘ಮುಧೋಳ ಹೌಂಡ್’. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂದು ಊರೆಲ್ಲ ಹೇಳಿಕೊಳ್ಳುವ, 2005ರಲ್ಲಿ ಅಂಚೆ ಚೀಟಿ ಏರಿದ ನಾಯಿಗೆ ಎರಡು ಹೆಸರು! ಹೊಸಬ ಯಾವ ಬಾಗಿಲು ಬಡಿಯಬೇಕು? ತಂದೆ-ತಾಯಿಯ ನೋಂದಣಿ ಇಲ್ಲದ ಮರಿ ಎಷ್ಟೇ ಚಂದವಿದ್ದರೂ ವಂಶಾವಳಿ ಪತ್ರ ಕೈಗೆ ಬರುವುದು ಕಷ್ಟ.

ಕಾನೂನೂ ಇದೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, 8 ವಾರದೊಳಗಿನ ಮರಿ ಮಾರುವಂತಿಲ್ಲ. ಎಷ್ಟು ಮಂದಿಗೆ ಇದು ಗೊತ್ತು? ಹೇಳಿದವರಾದರೂ ಯಾರು?

ಮುಧೋಳದ ಪಕ್ಕದ ತಿಮ್ಮಾಪುರದಲ್ಲೇ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರವಿದೆ. ಸಾಕುವವರು ಸಾಲ ಮಾಡುವ ಮೊದಲು ಅಲ್ಲಿಗೊಮ್ಮೆ ಹೋಗಿ ಬರಲಿ. ಪಶುಸಂಗೋಪನಾ ಇಲಾಖೆಯವರು ಈ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಕೊಳ್ಳುವವರು ಮರಿಯ ಜೊತೆ ತಾಯಿಯನ್ನೂ ತೋರಿಸಿ ಎನ್ನಲಿ. ‘ತಾಯಿ ಹೊಲದಾಗ ಐತ್ರೀ, ಆಮ್ಯಾಲೆ ನೋಡೂಣು’ ಎಂದರೆ, ಬಂದ ಬಸ್ಸಿನಲ್ಲೇ ವಾಪಸಾಗಲಿ.