ಗೀಜರಿನ ಜಮಾ-ಖರ್ಚು



ಈ ಸಲ ಸಿಂದಗಿಯ ತಾಯಿಯೊಬ್ಬರ ಕಾಗದದಿಂದಲೇ ಆರಂಭಿಸೋಣ. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹಂಡೆಗೆ ಉರಿ ಹಾಕಿ ಹೊಗೆ ಕುಡಿಯುವುದು ಬೇಡವೆಂದು ಬಚ್ಚಲಿಗೆ ಹೊಸ ಇನ್‌ಸ್ಟಂಟ್ ಗೀಜರ್ ಹಾಕಿಸಿದರು, ಮೂರು ಕಿಲೋವ್ಯಾಟಿನದು. ಚಳಿ ಬಿದ್ದದ್ದೇ ತಡ, ನೀರು ಬೆಚ್ಚಗೂ ಆಗವಲ್ದು! ಕೂಸು ನೋಡಲು ಬಂದ ಬೀಗತಿ, "ಏನ್ರೀ ಅಕ್ಕಾರ, ಬಾಣಂತಿಗೆ ತಣ್ಣೀರು ಎರಿಯಾಕ ಹತ್ತೀರೇನು?" ಎಂದು ಕೇಳಿಯೇಬಿಟ್ಟರಂತೆ. ರಿಪೇರಿಯವನು, "ಕಾಯಿಲ್ ಹೋಗೇದ, ಹೊಸಾದು ಹಾಕಬೇಕು" ಎಂದಿದ್ದಾನೆ. ರೊಕ್ಕ ಕೊಡುವ ಮುಂಚೆ ನಮ್ಮನ್ನು ಕೇಳಿದ್ದು ಒಳ್ಳೆಯದಾಯಿತು.

ಒಂದು ಲೀಟರಿನ ಪಾತ್ರೆ ಹಿಡಿದು, ಅದು ಎಷ್ಟು ಹೊತ್ತಿಗೆ ತುಂಬುತ್ತದೆ, ಗಡಿಯಾರ ನೋಡಿ ತಿಳಿಸಿ ಎಂದು ಬರೆದೆವು. 15 ಸೆಕೆಂಡಿಗೆ ತುಂಬಿತಂತೆ. ಗುಟ್ಟು ಅಲ್ಲೇ ಇದೆ.

ಇಂಥ ಗೀಜರಿನಲ್ಲಿ ನೀರು ನಿಲ್ಲುವುದಿಲ್ಲ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತದೆ. ಹಾದಿಯಲ್ಲಿ ಕಾಯಿಲ್ ಎಷ್ಟು ಕಾವು ಕೊಟ್ಟಿತೋ, ಹೆಚ್ಚುಕಡಿಮೆ ಅಷ್ಟನ್ನೇ ನೀರು ಹೊತ್ತು ತರುತ್ತದೆ. ಶಕ್ತಿ ತಾನಾಗಿ ಹುಟ್ಟುವುದಿಲ್ಲ, ಮಾಯವಾಗುವುದೂ ಇಲ್ಲ. ಉಷ್ಣಗತಿ ವಿಜ್ಞಾನದ ಮೊದಲನೆಯ ನಿಯಮ ಅಂದರೆ ಇದೇ. ನಾವು ಅದನ್ನು ಜಮಾ-ಖರ್ಚು ಅನ್ನೋಣ. ಗಂಡ ತಂದ ಸಂಬಳ ಅಷ್ಟೇ ಇದ್ದು ಉಣ್ಣುವವರು ಹೆಚ್ಚಾದರೆ ತಲೆಗೆ ಬರುವ ಪಾಲು ಕಡಿಮೆಯಾಗುತ್ತದಲ್ಲವೇ? ನೀರಿನ ಕಥೆಯೂ ಹಾಗೆಯೇ.

ಲೆಕ್ಕ ಸುಲಭ. ಮೂರು ಕಿಲೋವ್ಯಾಟಿನ ಗೀಜರಿಗೆ 43 ಎಂಬ ಸಂಖ್ಯೆ ನೆನಪಿಡಿ. ನಿಮಿಷಕ್ಕೆ ಒಂದು ಲೀಟರ್ ಬಿಟ್ಟರೆ ನೀರಿನ ಕಾವು 43 ಡಿಗ್ರಿ ಏರುತ್ತದೆ. ಎರಡು ಲೀಟರ್ ಬಿಟ್ಟರೆ ಅದರ ಅರ್ಧ. ಸಿಂದಗಿಯ ತಾಯಿಯ ನಲ್ಲಿ ಬಿಡುತ್ತಿದ್ದದ್ದು ನಿಮಿಷಕ್ಕೆ ನಾಲ್ಕು ಲೀಟರ್. ಏರಿದ್ದು 11 ಡಿಗ್ರಿಯೂ ಇಲ್ಲ. ಚಳಿಗಾಲದ ನೀರು 20 ಡಿಗ್ರಿ ಇದ್ದರೆ ಬಂದದ್ದು 31. ನಮ್ಮ ಮೈಯೇ 37 ಇರುವಾಗ ಅದು ತಣ್ಣಗೇ ಹತ್ತುತ್ತದೆ. ಕಾಯಿಲಿನದೇನೂ ತಪ್ಪಿಲ್ಲ!

ಹಾಗಾದರೆ ಏನು ಮಾಡಬೇಕು?

ನಲ್ಲಿ ಸಣ್ಣಗೆ ಮಾಡಿ. ಒಂದು ಲೀಟರ್ ತುಂಬಲು 40 ಸೆಕೆಂಡು ಹಿಡಿಯಲಿ. ಆಗ ನೀರು 49 ಡಿಗ್ರಿಯ ಹತ್ತಿರ ಬರುತ್ತದೆ. 15 ಲೀಟರಿನ ಬಕೀಟು 10 ನಿಮಿಷಕ್ಕೆ ತುಂಬುತ್ತದೆ, ಖರ್ಚು ಅರ್ಧ ಯೂನಿಟ್.

ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ವೋಲ್ಟೇಜ್ ಬಿದ್ದಿದೆ ಎಂದು ತಿಳಿಯಿರಿ. 230 ಇರಬೇಕಾದದ್ದು 180ಕ್ಕೆ ಇಳಿದರೆ ಕಾಯಿಲಿನ ಕಾವು ಹತ್ತಕ್ಕೆ ಆರು ಪಾಲು ಮಾತ್ರ. ನಮ್ಮ 43 ಆಗ 26 ಆಗುತ್ತದೆ. ನಲ್ಲಿ ಇನ್ನೂ ಸಣ್ಣಗಿರಲಿ. ವೋಲ್ಟೇಜ್ ಸರಿಯಿದ್ದು, ಸಣ್ಣ ಧಾರೆಗೂ ನೀರು ತಣ್ಣಗೇ ಬಂದರೆ ಮಾತ್ರ ಕಾಯಿಲಿನ ಮೇಲೆ ಸಂಶಯಪಡಿ.

ಒಂದು ಎಚ್ಚರಿಕೆ: ಧಾರೆ ತೀರಾ ಸಣ್ಣದಾಗಿ ಅರ್ಧ ಲೀಟರಿಗೆ ಇಳಿದರೆ ಅದೇ ಲೆಕ್ಕದಲ್ಲಿ ನೀರು ಕುದಿಯಲು ಹತ್ತುತ್ತದೆ. ಇಂಥ ಗೀಜರಿನಿಂದ ನೀರು ಹೊರಬರುವ ಬಾಯಿಗೆ ಎಂದೂ ನಲ್ಲಿ ಕೂಡಿಸಬೇಡಿ, ಬಟ್ಟೆ ತುರುಕಬೇಡಿ. ಬಾಣಂತಿಗೂ ಕೂಸಿಗೂ ಬಕೀಟಿನಲ್ಲಿ ಹಿಡಿದು, ಸ್ವಿಚ್ ಆರಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿಯೇ ಎರೆಯಿರಿ. ಅರ್ಥಿಂಗ್ ಇಲ್ಲದೆ ಗೀಜರ್ ಹಚ್ಚಲೇಬೇಡಿ.

ಈ ಅರ್ಧ ಯೂನಿಟ್ ಅಂದರೆ ಏನು ಮಹಾ ಅನ್ನಬೇಡಿ. ನಮ್ಮ ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಟರ್ಬೈನು ತಿರುಗಿಸಿ ವಿದ್ಯುತ್ ಕೊಡುತ್ತದೆ. ಅದೇ ರೀತಿ ನಿಮ್ಮ ಒಂದು ಬಕೀಟು ಬಿಸಿನೀರಿನ ವಿದ್ಯುತ್ ಹುಟ್ಟಬೇಕಾದರೆ, ಎಳ್ಳಷ್ಟೂ ಪೋಲಾಗದಿದ್ದರೂ, ಮೂರಂತಸ್ತಿನ ಮನೆಯೆತ್ತರದಿಂದ ಸುಮಾರು 1,200 ಬಕೀಟು ನೀರು ಬೀಳಬೇಕು! ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಅಲ್ಲಿ ಕಲ್ಲಿದ್ದಲಿನ ಕಾವಿನಿಂದ ಉಗಿ ಎದ್ದು ಟರ್ಬೈನಿಗೆ ಹೊಗುತ್ತದೆ. ಉಗಿ ಒಳಗೆ ತಂದ ಶಕ್ತಿಗೂ ಹೊರಗೆ ಒಯ್ದ ಶಕ್ತಿಗೂ ಇರುವ ಅಂತರವೇ ನಮಗೆ ಸಿಗುವ ದುಡಿಮೆ. ಇಂಥ ಸ್ಥಾವರಗಳಲ್ಲಿ ನೂರು ರೂಪಾಯಿಯ ಕಾವಿಗೆ ಕೈಗೆ ಬರುವುದು ಸುಮಾರು ನಲವತ್ತು. ಉಳಿದದ್ದು ಚಿಮಣಿಗೆ, ಉಗಿ ತಣಿಸುವ ನೀರಿಗೆ. ಅಷ್ಟು ಕಷ್ಟಪಟ್ಟು ಮಾಡಿದ ವಿದ್ಯುತ್ತನ್ನು ನಾವು ಮತ್ತೆ ಕಾವಾಗಿಸಿ ಮೋರಿಗೆ ಬಿಡುತ್ತೇವೆ.

ಇಂಡಿ ಇರಲಿ, ಮುದ್ದೇಬಿಹಾಳ ಇರಲಿ, ನಮ್ಮ ಕಡೆ ಬಿಸಿಲಿಗೇನು ಬರವೇ? ಮಾಳಿಗೆಯ ಮೇಲೆ ಸೌರ ಹೀಟರ್ ಕೂಡಿಸುವ ಅನುಕೂಲ ಇದ್ದವರು ಯೋಚಿಸಿ. ಇಲ್ಲದವರು ನಲ್ಲಿಯ ಕೈ ಹಿಡಿತದಲ್ಲಿಡಿ.

ಸಿಂದಗಿಯ ತಾಯಿ ಮತ್ತೆ ಬರೆದಿದ್ದಾರೆ. ಕಾಯಿಲ್ ಹಳೆಯದೇ ಇದೆ. ಮಗಳ ಜಳಕಕ್ಕೆ ಬಿಸಿನೀರು ಸಾಕಷ್ಟಾಗುತ್ತಿದೆ. ಬೀಗತಿಯವರು ಮುಂದಿನ ವಾರ ಮತ್ತೆ ಬರುತ್ತಾರಂತೆ. ಬರಲಿ ಬಿಡಿ!