ಮೂತ್ರದಲ್ಲಿ ರಕ್ತ ಕಂಡರೆ ಬಾರ್ಲಿ ನೀರು ಸಾಲದು

ಗಲ್ಫಿನ ಯಾವ ರೂಮಿಗೆ ಹೋದರೂ ಕಿಡ್ನಿ ಕಲ್ಲಿನ ಕಥೆ ಹೇಳುವವರು ಒಬ್ಬರಾದರೂ ಸಿಗುತ್ತಾರೆ. ಬಿಸಿಲಿನ ದುಡಿಮೆ, ಕುಡಿಯುವ ನೀರು ಕಡಿಮೆ. ಕಲ್ಲು ಆಗುವುದು ಸಹಜ. ಆದರೆ ಮೂತ್ರ ಕೆಂಪಾದಾಗಲೆಲ್ಲ ಅದನ್ನು ಕಲ್ಲಿನ ಅಥವಾ ಉಷ್ಣದ ಲೆಕ್ಕಕ್ಕೆ ಹಾಕಿ ಬಾರ್ಲಿ ನೀರು ಕುಡಿದು ಮಲಗುವುದು ಸರಿಯಲ್ಲ. ಕಲ್ಲು ಜಾರಿದರೆ ಸಾಮಾನ್ಯವಾಗಿ ಜೀವ ಹಿಂಡುವ ನೋವಿರುತ್ತದೆ. ನೋವೇ ಇಲ್ಲದೆ ರಕ್ತ ಹೋಗಿ, ಎರಡು ದಿನದಲ್ಲಿ ತಾನಾಗಿ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು. ಕಿಡ್ನಿ ಕ್ಯಾನ್ಸರ್ ಕೆಲವರಲ್ಲಿ ಹಾಗೆಯೇ ಸುಳಿವು ಕೊಡುತ್ತದೆ.

2022ರಲ್ಲಿ ಜಗತ್ತಿನಲ್ಲಿ ಸುಮಾರು 4.3 ಲಕ್ಷ ಮಂದಿಗೆ ಈ ಕಾಯಿಲೆ ಪತ್ತೆಯಾಯಿತು, ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು. ಬೆಲಾರಸ್, ಲಿಥುವೇನಿಯಾ, ಜೆಕ್ ದೇಶಗಳಲ್ಲಿ ಪ್ರಮಾಣ ಬಹಳ ಹೆಚ್ಚು. ಭಾರತ, ಆಫ್ರಿಕಾದಲ್ಲಿ ಕಡಿಮೆ. ಹಾಗಾದರೆ ನಮಗೇನು ಅಂತೀರಾ? ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಆಕಸ್ಮಿಕವಾಗಿ ಸಿಗುವ ಗೆಡ್ಡೆಗಳೇ ಇದರಲ್ಲಿ ಬಹಳ. ಸ್ಕ್ಯಾನ್ ಕಡಿಮೆ ಇರುವ ಕಡೆ ಲೆಕ್ಕವೂ ಕಡಿಮೆಯೇ ಕಾಣುತ್ತದೆ. ಅಲ್ಲದೆ ಇದರ ಮುಖ್ಯ ಅಪಾಯಗಳು ಸಿಗರೇಟು, ಬೊಜ್ಜು, ಬಿಪಿ. ನಮ್ಮ ರೂಮುಗಳಲ್ಲಿ ಈ ಮೂರರಲ್ಲಿ ಯಾವುದಕ್ಕೆ ಕೊರತೆ? ರಾತ್ರಿ ಹನ್ನೆರಡಕ್ಕೆ ಪರೋಟ, ಮೇಲೊಂದು ಪೆಪ್ಸಿ. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಣದಿಂದಲೂ ಕಿಡ್ನಿ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ತೀರ್ಮಾನಿಸಿದೆ. ವರ್ಕ್‌ಶಾಪಿನವರು ಡಬ್ಬದ ಮೇಲಿನ ಹೆಸರು ನೋಡಿಕೊಳ್ಳಿ.

"ವೀಸಾ ಮೆಡಿಕಲ್ ಪಾಸಾಗಿದೆಯಲ್ಲ" ಎನ್ನುವವರಿದ್ದಾರೆ. ಅಲ್ಲಿ ಮುಖ್ಯವಾಗಿ ಹುಡುಕುವುದು ಕ್ಷಯ, ಎಚ್‌ಐವಿಯಂಥ ಹರಡುವ ರೋಗಗಳನ್ನು. ನಿಮ್ಮ ಕಿಡ್ನಿ ಸರಿ ಇದೆ ಎಂಬ ಸರ್ಟಿಫಿಕೇಟ್ ಅದಲ್ಲ.

ಕೆಲಸ ಹೋದೀತೆಂಬ ಹೆದರಿಕೆಯಿಂದ ಮುಚ್ಚಿಡುವವರೂ ಇದ್ದಾರೆ. ಊರಲ್ಲಿ ಮನೆ ಸಾಲ, ತಂಗಿಯ ಮದುವೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಗೆಡ್ಡೆ ಕಿಡ್ನಿಯೊಳಗೇ ಇರುವಾಗ ಸಿಕ್ಕಿದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ ಎಂದು ಅಮೆರಿಕದ ಲೆಕ್ಕ ಹೇಳುತ್ತದೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು ಐದರಲ್ಲಿ ಒಬ್ಬರು.

ಎಲ್ಲರೂ ಸ್ಕ್ಯಾನಿಗೆ ಓಡಬೇಕೆಂದು ನಾನು ಹೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ. ನಮ್ಮ ಸಂಘಟನೆಯವರು ವರ್ಷಕ್ಕೊಂದು ದೊಡ್ಡ ಕ್ಯಾಂಪ್ ಮಾಡಿ ಫೋಟೋ ತೆಗೆಯುವ ಬದಲು, ಪ್ರತಿ ಯೂನಿಟ್ ಸಭೆಗೂ ಒಂದು ಬಿಪಿ ಮೆಷಿನ್ ತರಲಿ. ರಕ್ತ ಕಂಡಿದೆ ಎಂದು ಯಾರಾದರೂ ಗುಟ್ಟಾಗಿ ಹೇಳಿದರೆ, ಭಾಷೆ ಬಲ್ಲ ಒಬ್ಬರು ಅವರ ಜೊತೆ ಆಸ್ಪತ್ರೆಗೆ ಹೋಗಲಿ. ಆ ದಿನದ ಸಂಬಳ ಕಡಿತವಾದರೆ ಫಂಡಿನಿಂದ ತುಂಬಿಕೊಡೋಣ.