ಮರಿ ಕಂಪನಿಯದು, ಶೆಡ್ಡು ರೈತನದು

ಭಾನುವಾರದ ಪೂಜೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕೋಳಿ ಅಂಗಡಿಯ ಮುಂದೆ ನಿಲ್ಲದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆ. ನಿಂತವರೆಲ್ಲ ಮೊದಲು ನೋಡುವುದು ಹಲಗೆಯ ಮೇಲೆ ಬರೆದಿರುವ ಆ ದಿನದ ದರವನ್ನು. ಏರಿದ್ದರೆ ಗೊಣಗುತ್ತೇವೆ, ಇಳಿದಿದ್ದರೆ ಅರ್ಧ ಕಿಲೋ ಹೆಚ್ಚಿಗೆ ಹಾಕಿಸಿಕೊಳ್ಳುತ್ತೇವೆ. ಆದರೆ ಆ ಕೋಳಿಯನ್ನು ನಲವತ್ತು ದಿನ ಸಾಕಿದವರ ಕೈಗೆ ಬರುವ ಹಣ ಈ ಹಲಗೆಯ ಮೇಲೆ ನಿಂತಿಲ್ಲ, ಬೇರೆಯೇ ಒಂದು ಕಾಗದದ ಮೇಲೆ ನಿಂತಿದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಈ ಸಲ ಆ ಕಾಗದದ ವಿಚಾರ ಬರೆಯೋಣವೆಂದುಕೊಂಡಿದ್ದೇವೆ.

ಅದಕ್ಕಾಗಿ ಗಡಿ ದಾಟಿ ಪಲ್ಲಡಂಗೆ ಹೋಗಬೇಕು. ಕೊಯಮತ್ತೂರಿನಿಂದ ತಿರುಚಿನಾಪಳ್ಳಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರು 2009ರಿಂದ ತಿರುಪ್ಪೂರು ಜಿಲ್ಲೆಗೆ ಸೇರಿದೆ. ನಮಗೆ ಅಷ್ಟೇನೂ ಪರಕೀಯ ಸೀಮೆಯಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ಆ ಭಾಗದಲ್ಲಿ ಇಂದಿಗೂ ಇದ್ದಾರೆ. ಮಳೆ ಕಡಿಮೆ, ಗಾಳಿ ಹೆಚ್ಚು. ಬೆಳೆಯನ್ನೇ ನಂಬಿ ಕೂರಲಾಗದ ಒಣ ಭೂಮಿಯಲ್ಲಿ ಜನ ವಿದ್ಯುತ್ ಮಗ್ಗ ಹಾಕಿದರು, ಇಲ್ಲವೇ ಕೋಳಿ ಶೆಡ್ಡು ಕಟ್ಟಿದರು. ತಮಿಳುನಾಡಿನ ಬ್ರಾಯ್ಲರ್ ಕೋಳಿಯ ಫಾರಂ ದರವನ್ನು ಸಾರುವ ಬ್ರಾಯ್ಲರ್ ಸಮನ್ವಯ ಸಮಿತಿ ಇರುವುದು ಪಲ್ಲಡಂನಲ್ಲೇ. ಹತ್ತಿರದ ಉಡುಮಲಪೇಟೆಯಲ್ಲಿ 1984ರಲ್ಲಿ ಹುಟ್ಟಿದ ಸುಗುಣ ಸಂಸ್ಥೆ 1990ರ ದಶಕದ ಆರಂಭದಲ್ಲಿ ಒಪ್ಪಂದದ ಕೋಳಿ ಸಾಕಣೆಯನ್ನು ಈ ಸೀಮೆಯಲ್ಲಿ ಬೆಳೆಸಿತು. ಅದರ ಬೆನ್ನಿಗೇ ಬೇರೆ ಕಂಪನಿಗಳೂ ಬಂದವು. ಆ ಪದ್ಧತಿ ನಮ್ಮ ಕರ್ನಾಟಕಕ್ಕೂ ಬಂದು ಬಹಳ ಕಾಲವಾಯಿತು.

ಒಪ್ಪಂದ ಮೇಲ್ನೋಟಕ್ಕೆ ಸರಳ. ಒಂದು ದಿನದ ಮರಿ, ಫೀಡು, ಔಷಧಿ, ಲಸಿಕೆ ಎಲ್ಲ ಕಂಪನಿಯದು. ಕೊಕ್ಕರೆ ರೋಗಕ್ಕೆ ಯಾವ ದಿನ ಹನಿ ಹಾಕಬೇಕು, ಗುಂಬೋರೊಗೆ ಯಾವ ದಿನ ಎಂದು ಹೇಳುವುದೂ ಕಂಪನಿಯ ಸೂಪರ್‌ವೈಸರೇ. ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸುವ ತೆಂಗಿನ ನಾರಿನ ಪುಡಿ, ಮೊದಲ ವಾರ ಮರಿಗಳಿಗೆ ಕೊಡುವ ಕಾವು, ಹಗಲು ರಾತ್ರಿಯ ದುಡಿಮೆ ರೈತನದು. ನಲವತ್ತು ನಲವತ್ತೈದು ದಿನಕ್ಕೆ ಕಂಪನಿಯ ಲಾರಿ ಬಂದು ಕೋಳಿ ತೂಗಿ ಒಯ್ಯುತ್ತದೆ. ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಬರುತ್ತದೆ.

ಇದರಲ್ಲಿ ಒಳ್ಳೆಯದು ಇಲ್ಲವೆಂದಲ್ಲ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗ ದೇಶದಲ್ಲೆಲ್ಲ ಕೋಳಿ ಕೇಳುವವರಿಲ್ಲದಂತಾಯಿತು. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆಂಬ ಸುಳ್ಳು ಸುದ್ದಿಗೆ ದರ ನೆಲ ಕಚ್ಚಿ, ಬೆಳಗಾವಿ ಜಿಲ್ಲೆಯಲ್ಲಿ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದ್ದನ್ನು ನಾವೆಲ್ಲ ನೋಡಿದೆವು. ಸ್ವಂತ ದುಡ್ಡು ಹಾಕಿ ಸಾಕಿದವನು ಅಂಥ ಒಂದು ಏಟಿಗೆ ಮನೆ ಮಾರಬೇಕಾಗುತ್ತದೆ. ಒಪ್ಪಂದದವನಿಗೆ ದರ ಬಿದ್ದರೂ ಕೂಲಿ ಕೂಲಿಯೇ. ಮಾರುಕಟ್ಟೆಯ ಲಾಭ ನಮಗೆ ಬೇಡ, ನಷ್ಟವೂ ಬೇಡ ಎಂದು ಒಪ್ಪಿಕೊಂಡೇ ರೈತ ಸಹಿ ಹಾಕಿದ್ದು.

ಜಗಳ ಹುಟ್ಟುವುದು ಆ ಮಾತು ಒಳಗೊಳಗೇ ಬದಲಾದಾಗ. ಕೂಲಿಯ ದರ ಹಾಗೆಯೇ ಇರುತ್ತದೆ, ಅದನ್ನು ಅಳೆಯುವ ಕೋಲು ಬದಲಾಗುತ್ತದೆ. ಒಂದು ಕಿಲೋ ತೂಕಕ್ಕೆ ಕೋಳಿ ಎಷ್ಟು ಕಿಲೋ ಫೀಡು ತಿಂದಿತು ಎಂಬ ಲೆಕ್ಕಕ್ಕೆ ಎಫ್.ಸಿ.ಆರ್. ಎನ್ನುತ್ತಾರೆ. ಕಂಪನಿ ಹಾಕಿದ ಗೆರೆಗಿಂತ ಅದು ಕಡಿಮೆಯಾದರೆ ಬೋನಸ್ಸು, ಹೆಚ್ಚಾದರೆ ಕಡಿತ. ಬೇಸರಪಡದೆ ಒಂದು ಲೆಕ್ಕ ಮಾಡಿ ನೋಡೋಣ. ಐದು ಸಾವಿರ ಮರಿ ಬಿಟ್ಟು ನೂರಕ್ಕೆ ಐದು ಸತ್ತು, ಉಳಿದವು ತಲಾ ಎರಡು ಕಿಲೋ ತೂಗಿದರೆ 9,500 ಕಿಲೋ. ಪಲ್ಲಡಂ ಕಡೆಯ ರೈತರ ದೂರುಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಕನಿಷ್ಠ ಕೂಲಿ ಕಿಲೋಗೆ 6 ರೂ. 50 ಪೈಸೆ. ಆ ಲೆಕ್ಕಕ್ಕೆ 61,750 ರೂಪಾಯಿ. ಇದರಲ್ಲೇ ಕರೆಂಟು, ಹಾಸು, ಆಳು, ಬ್ಯಾಂಕಿನ ಕಂತು ಎಲ್ಲ ಹೋಗಬೇಕು. ಈಗ ಕಂಪನಿ ಗೆರೆಯನ್ನು 1.7ರಿಂದ 1.6ಕ್ಕೆ ಇಳಿಸಿತು ಅನ್ನಿ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಅದೇ 9,500 ಕಿಲೋ ಕೋಳಿಯನ್ನು 950 ಕಿಲೋ, ಅಂದರೆ ಐವತ್ತು ಕಿಲೋದ ಹತ್ತೊಂಬತ್ತು ಚೀಲ, ಕಡಿಮೆ ಫೀಡಿನಲ್ಲಿ ಬೆಳೆಸಬೇಕು. ಆಗದಿದ್ದರೆ ಕೂಲಿ ಕಡಿತ. ಕಿಲೋಗೆ ಐವತ್ತು ಪೈಸೆ ಮುರಿದರೂ 4,750 ರೂಪಾಯಿ ಹೋಯಿತು.

ಮರಿ ಬಡಕಲಾಗಿ ಬಂದರೆ ಎಫ್.ಸಿ.ಆರ್. ಕೆಡುತ್ತದೆ. ಫೀಡು ಕಳಪೆಯಾದರೆ ಕೆಡುತ್ತದೆ. ಕೋಳಿ ಹದಕ್ಕೆ ಬಂದ ಮೇಲೂ ಲಾರಿ ಒಂದು ವಾರ ತಡವಾಗಿ ಬಂದರೆ, ಅವು ತಿನ್ನುವುದು ಹೆಚ್ಚು, ಬೆಳೆಯುವುದು ಕಡಿಮೆ. ಆಗಲೂ ಕೆಡುತ್ತದೆ. ಈ ಮೂರೂ ಕಂಪನಿಯ ಕೈಯಲ್ಲಿರುವ ಸಂಗತಿಗಳು. ದಂಡ ಮಾತ್ರ ರೈತನ ಖಾತೆಗೆ. ಬದುಕಿದರೆ ಅವರ ಕೋಳಿ, ಸತ್ತರೆ ನಮ್ಮ ತಪ್ಪು ಎಂದು ರೈತರು ಆಡಿಕೊಳ್ಳುವುದರಲ್ಲಿ ಅತಿಶಯೋಕ್ತಿ ಹೆಚ್ಚಿಲ್ಲ. ಇನ್ನೊಂದು ಸಂಗತಿ ಇದೆ. ಎಷ್ಟೋ ಒಪ್ಪಂದಗಳಲ್ಲಿ ವರ್ಷಕ್ಕೆ ಎಷ್ಟು ಬ್ಯಾಚು ಮರಿ ಕೊಡುತ್ತೇವೆಂಬ ಮಾತೇ ಇರುವುದಿಲ್ಲ. ಆರು ಬ್ಯಾಚು ಸಿಗುತ್ತಿದ್ದವನಿಗೆ ನಾಲ್ಕು ಸಿಕ್ಕರೆ, ಕೂಲಿಯ ದರದಲ್ಲಿ ಒಂದು ಪೈಸೆ ಬದಲಾಗದೆಯೂ ವರ್ಷದ ಆದಾಯದ ಮೂರನೆಯ ಒಂದು ಪಾಲು ಮಾಯ. ಖಾಲಿ ಶೆಡ್ಡಿಗೆ ಬ್ಯಾಂಕಿನವರು ಕಂತು ಬಿಡುತ್ತಾರೆಯೇ?

ಬೈಬಲ್ ಓದುವ ನಮಗೆ ಈ ಜಗಳ ಹೊಸದಾಗಿ ಕಾಣಬಾರದು. ಲಾಬಾನನ ಮಂದೆಯನ್ನು ಯಕೋಬ ಮೇಯಿಸಿದ್ದೂ ಒಂದು ಒಪ್ಪಂದದ ಸಾಕಣೆಯೇ. ಇಪ್ಪತ್ತು ವರ್ಷ ದುಡಿದ ಮೇಲೆ ಅವನು ಹೇಳಿಕೊಳ್ಳುವ ದೂರನ್ನು ಆದಿಕಾಂಡದ 31ನೆಯ ಅಧ್ಯಾಯದಲ್ಲಿ ನೋಡಿ. ಮಾವ ಹತ್ತು ಸಲ ಕೂಲಿ ಬದಲಾಯಿಸಿದ. ಕಾಡುಮೃಗ ಹಿಡಿದು ಸೀಳಿದ ಕುರಿಯ ನಷ್ಟವನ್ನೂ ಮೇಯಿಸಿದವನೇ ತುಂಬಿಕೊಡಬೇಕಾಯಿತು. ಕೂಲಿಯ ಅಳತೆ ಬದಲಾಗುವುದು, ಸಾವಿನ ನಷ್ಟ ಸಾಕಿದವನ ತಲೆಗೆ ಬರುವುದು, ಎರಡೂ ಅಲ್ಲಿವೆ. ಸಹಿ ಹಾಕಿದ ಮೇಲೆ ಮುಗಿಯಿತಲ್ಲ ಎನ್ನುವವರಿಗೆ ಜಗದ್ಗುರು ಹದಿಮೂರನೆಯ ಲಿಯೋರವರು 1891ರ ವಿಶ್ವಪರಿಪತ್ರದಲ್ಲೇ ಉತ್ತರ ಕೊಟ್ಟಿದ್ದಾರೆ. ಬೇರೆ ದಾರಿಯಿಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಒಬ್ಬನು ಕಠಿಣ ಷರತ್ತಿಗೆ ತಲೆಬಾಗಿದರೆ, ಅದು ಒಪ್ಪಿಗೆಯಲ್ಲ, ಬಲಾತ್ಕಾರ ಎಂಬುದು ಅವರ ಮಾತಿನ ತಾತ್ಪರ್ಯ.

ಕಂಪನಿಗಳಿಗೂ ತಮ್ಮ ಮಾತಿದೆ, ಕೇಳಬೇಕು. ಮೆಕ್ಕೆಜೋಳ, ಸೋಯಾ ಹಿಂಡಿಯ ಬೆಲೆ ಅವರ ಹಿಡಿತದಲ್ಲಿಲ್ಲ. 2021ರಲ್ಲಿ ಸೋಯಾ ಹಿಂಡಿ ಎಷ್ಟು ಏರಿತೆಂದರೆ ಕೇಂದ್ರ ಸರಕಾರ ಹೊರದೇಶದಿಂದ ತರಿಸಲು ಅನುಮತಿ ಕೊಡಬೇಕಾಯಿತು. ಫೀಡಿನ ಚೀಲವನ್ನು ಹಿಂಬಾಗಿಲಿನಿಂದ ಮಾರುವ ರೈತರೂ ಇಲ್ಲದಿಲ್ಲ. ಆದರೆ ಮಾರುಕಟ್ಟೆಯ ಭಾರ ಹೊರುತ್ತೇವೆಂದು ಲಾಭವನ್ನು ತಮ್ಮಲ್ಲಿಟ್ಟುಕೊಂಡವರು, ಭಾರ ಬಂದಾಗ ಅದನ್ನು ಎಫ್.ಸಿ.ಆರ್. ಎಂಬ ಹೆಸರಿನಲ್ಲಿ ರೈತನ ಹೆಗಲಿಗೆ ದಾಟಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ನಗರದ ಓದುಗರಲ್ಲಿ ಕೆಲವರು ಮನೆಯ ನಾಯಿಗೆ ವಾರ್ಷಿಕ ಆರೋಗ್ಯ ಯೋಜನೆ ಕೊಳ್ಳುತ್ತಾರೆ. ನವೀಕರಣದ ಹೊತ್ತಿಗೆ ಲಸಿಕೆಗೆ ಬೇರೆ ಹಣ, ಇಂಥ ಕಾಯಿಲೆಗೆ ಇಲ್ಲ ಎಂದು ಷರತ್ತು ಬದಲಾಗಿ ಜಗಳವಾಗುವುದೂ ಉಂಟು. ಅವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅನ್ಯಾಯದ ಒಪ್ಪಂದ ಯಾವುದೆಂದು ಅದರಲ್ಲೇ ಬರೆದಿದೆ. ಅದೂ ಬೇಡವೆಂದರೆ ಯೋಜನೆಯನ್ನೇ ಬಿಟ್ಟುಬಿಡಬಹುದು. ಶೆಡ್ಡು ಕಟ್ಟಿದ ರೈತ ಏನನ್ನು ಬಿಡಬೇಕು? ಕೋಳಿಗಲ್ಲದೆ ಬೇರೆ ಯಾವುದಕ್ಕೂ ಹೊಂದದ ಕಟ್ಟಡವದು.

ಆದ್ದರಿಂದಲೇ ಪಲ್ಲಡಂ, ಕೊಯಮತ್ತೂರು, ಈರೋಡು ಕಡೆಯ ರೈತರು ಕೂಲಿ ಏರಿಸಿ ಎಂದು ಹಲವು ಸಲ ಮರಿ ಇಳಿಸಿಕೊಳ್ಳದೆ ಮುಷ್ಕರ ಹೂಡಿದ್ದಾರೆ. ಒಬ್ಬೊಬ್ಬರೇ ಕೇಳಿದರೆ ಮುಂದಿನ ಬ್ಯಾಚು ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಪಕ್ಕದ ಮಗ್ಗದವರ ಕಥೆಯೂ ಬೇರೆಯಲ್ಲ. 2021ರ ನವೆಂಬರಿನಲ್ಲಿ ಸರಕಾರದ ಸಮ್ಮುಖದಲ್ಲೇ ಒಪ್ಪಿದ ಕೂಲಿ ಏರಿಕೆ ಕೈಗೆ ಬರಲಿಲ್ಲವೆಂದು 2022ರ ಜನವರಿಯಲ್ಲಿ ಮಗ್ಗ ನಿಲ್ಲಿಸಬೇಕಾಯಿತು. ತಮಿಳುನಾಡು 2019ರಲ್ಲಿ ಬೇಸಾಯ ಮತ್ತು ಪಶುಪಾಲನೆಯ ಒಪ್ಪಂದಗಳಿಗೆಂದೇ ಕಾಯ್ದೆ ಮಾಡಿದೆ. ಒಪ್ಪಂದವನ್ನು ನೋಂದಾಯಿಸಬೇಕು, ತಕರಾರನ್ನು ಸಿವಿಲ್ ಕೋರ್ಟಿಗೆ ಅಲೆಯದೆ ಬಗೆಹರಿಸಬೇಕು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಬರೆಯದ ಒಪ್ಪಂದವನ್ನು ಯಾರು ನೋಂದಾಯಿಸಬೇಕು? ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆಂಬ ದೂರು ಆ ಕಡೆಯಿಂದ ಬರುತ್ತಲೇ ಇದೆ.

ನಮ್ಮ ಓದುಗರಲ್ಲೂ ಹಳ್ಳಿಯ ತುಂಡು ಭೂಮಿಯಲ್ಲಿ ಶೆಡ್ಡು ಕಟ್ಟುವ ಯೋಚನೆಯಲ್ಲಿರುವವರು ಇರುತ್ತಾರೆ. ಬ್ಯಾಂಕಿಗೆ ಹೋಗುವ ಮೊದಲು ಒಪ್ಪಂದದ ಕನ್ನಡ ಪ್ರತಿ ಕೇಳಿ ಪಡೆಯಿರಿ. ವರ್ಷಕ್ಕೆ ಎಷ್ಟು ಬ್ಯಾಚು, ಮರಿ ಮೊದಲ ವಾರದಲ್ಲೇ ಸತ್ತರೆ ಯಾರ ಲೆಕ್ಕ, ಲಾರಿ ತಡವಾದ ದಿನಗಳ ಫೀಡು ಯಾರ ಲೆಕ್ಕ, ಎಫ್.ಸಿ.ಆರ್. ಗೆರೆ ಬದಲಾಯಿಸುವುದಾದರೆ ಎಷ್ಟು ದಿನ ಮೊದಲು ತಿಳಿಸುತ್ತಾರೆ, ಇಷ್ಟೂ ಅದರಲ್ಲಿ ಇದೆಯೇ ನೋಡಿ. ಈಗಾಗಲೇ ಸಾಕುತ್ತಿರುವವರು ಒಂದು ನೋಟ್ ಪುಸ್ತಕ ಇಟ್ಟು, ದಿನಕ್ಕೆ ಸತ್ತ ಮರಿ, ಬಂದ ಚೀಲ ಬರೆದು, ಸೂಪರ್‌ವೈಸರ್ ಬಂದಾಗಲೆಲ್ಲ ಅವರಿಂದ ಸಹಿ ಹಾಕಿಸಿಕೊಳ್ಳಿ. ಕೋಳಿ ತೂಗುವ ದಿನ ತೂಕದ ಚೀಟಿಯ ಒಂದು ಪ್ರತಿ ಅದೇ ಪುಸ್ತಕದಲ್ಲಿರಲಿ. ಸಹಿ ಹಾಕಿಯಾಗಿದ್ದು ಪ್ರತಿ ಕೈಯಲ್ಲಿಲ್ಲದವರು ಅಕ್ಕಪಕ್ಕದ ನಾಲ್ಕು ಸಾಕಣೆದಾರರನ್ನು ಕೂಡಿಸಿಕೊಂಡು, ಪ್ರತಿ ಕೊಡಿ ಎಂದು ಕಂಪನಿಗೆ ಒಂದೇ ಅರ್ಜಿ ಬರೆಯಿರಿ, ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ.